ತಾನಾಗಿ ಬಂದ ಗಿಡ

ನನ್ನ ಮಗಳ ಕೆಲಸ ಕಳೆ ಕೀಳುವುದು. ಹೀಗೆಂದರೆ ಅವಳಿಗೆ ಸಿಟ್ಟು. "ಕೆರೆ ಸಂರಕ್ಷಣೆ ಅನ್ನಮ್ಮ" ಎನ್ನುತ್ತಾಳೆ. ಹೊರದೇಶದಿಂದ ಬಂದು ಕೆರೆಯ ದಂಡೆಯನ್ನೆಲ್ಲ ನುಂಗಿದ್ದ ಹಳದಿ ಹೂವಿನ ಗಿಡವನ್ನು ಅವಳ ತಂಡ ಎರಡು ವರ್ಷ ಬೆನ್ನು ಬಗ್ಗಿಸಿ ಕಿತ್ತು ಮುಗಿಸಿದೆ.

ನಿನ್ನೆ ಹಿತ್ತಲಿಗೆ ಬಂದವಳು ನನ್ನ ಕುಂಡವೊಂದರ ಮುಂದೆ ಗರಬಡಿದವಳಂತೆ ನಿಂತಳು.

"ಅಮ್ಮಾ, ಇದನ್ನ ಯಾರು ನೆಟ್ಟಿದ್ದು?"

"ತಾನಾಗೇ ಬಂತು ಕಣೇ. ದಿನಾ ಅಕ್ಕಿ ತೊಳೆದ ನೀರು ಹಾಕ್ತೀನಿ. ಎಷ್ಟು ಮೊಗ್ಗು ಬಿಟ್ಟಿದೆ ನೋಡು!"

"ಇದೇ ಅಮ್ಮ ಆ ಕಳೆ! ಮೊಗ್ಗು ಅರಳಿ ಬೀಜ ಹಾರಿದ್ರೆ ಗೋಡೆ ಆಚೆಗೇ ಕಾಲುವೆ, ಅಲ್ಲಿಂದ ಸೀದಾ ಕೆರೆಗೆ. ನಾವು ಮಾಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಗುತ್ತೆ. ಎಲ್ಲಿಂದ ಬಂತೋ ಇದು!"

"ನಿನ್ನ ಕಾಲುಚೀಲದಿಂದ ಇರಬೇಕು. ಒಗೆಯೋ ಮೊದಲು ನಾನು ಅದನ್ನ ಈ ಕುಂಡದ ಮೇಲೇ ಕೊಡವೋದು."

ದಂಡೆಯಿಂದ ಹೊರಡುವಾಗ ಬೂಟು, ಕಾಲುಚೀಲ ಕೊಡವಿಯೇ ಹೊರಡಬೇಕು ಎಂದು ಊರಿಗೆಲ್ಲ ಪಾಠ ಹೇಳುವವಳು ಇವಳೇ. ಕೆಂಪಗಾದ ಮುಖ ತಗ್ಗಿಸಿ, ಗಿಡವನ್ನು ಬೇರು ಸಮೇತ ಕಿತ್ತು ಚೀಲಕ್ಕೆ ತುಂಬಿ ಅದರ ಬಾಯಿ ಬಿಗಿದು ಕಟ್ಟಿದಳು. ನನಗೆ ಗಿಡದ ಮೇಲೂ ಮಗಳ ಮೇಲೂ ಒಟ್ಟಿಗೇ ಕನಿಕರ ಉಕ್ಕಿತು.

"ನಮ್ಮ ತಂಡದವರಿಗೆ ಹೇಳ್ಬೇಡಮ್ಮ, ಪ್ಲೀಸ್."

"ಹೇಳಲ್ಲ ಬಿಡೇ," ಎಂದೆ. "ನಾಳೆಯಿಂದ ನಿನ್ನ ಕಾಲುಚೀಲ ನೀನೇ ಒಗ್ಕೊಂಡ್ರೆ."