ಹತ್ತೂ ಹತ್ತರ ಮನುಷ್ಯ

ಗಡಿಯಾರದಣ್ಣನ ತಲೆ ಸದಾ ಎಡಕ್ಕೆ ಒಂದಿಷ್ಟು ವಾಲಿರುತ್ತಿತ್ತು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಾಳಿಗಿಂತ ಸಣ್ಣ ಹಲ್ಲುಚಕ್ರಗಳ ಮೇಲೆ ಆಯುಷ್ಯವನ್ನೆಲ್ಲ ಬಗ್ಗಿ ಕಳೆದವರು ಅವರು. ಕನ್ನಡಿ ಕಳಚಿಟ್ಟ ಮೇಲೂ ಆ ಕಣ್ಣು ಕಿರಿದಾಗಿಯೇ ಉಳಿದು, ಎದುರಿನವರ ಮಾತನ್ನು ನಂಬಲೋ ಬಿಡಲೋ ಎಂದು ತೂಗುತ್ತಿರುವಂತೆ ಕಾಣುತ್ತಿತ್ತು. ಮಗಳ ಮದುವೆ ನಿಶ್ಚಯವಾಯಿತೆಂದು ಹೇಳಲು ಬಂದ ಪಕ್ಕದ ಅಂಗಡಿಯ ದರ್ಜಿ, ಆ ನೋಟಕ್ಕೆ ಗಾಬರಿಯಾಗಿ, "ಯಾಕಣ್ಣ, ಹುಡುಗನ ಕಡೆಯವರು ಸರಿಯಿಲ್ವಾ?" ಎಂದು ಕೇಳಿದ್ದರು. "ಅದೇ ಗೊತ್ತಾಗ್ತಿಲ್ಲ ನೋಡಿ" ಎಂದರಂತೆ ಇವರು. ದರ್ಜಿಗೆ ಒಂದು ವಾರ ಊಟ ಸೇರಲಿಲ್ಲ.

ಗೊತ್ತಾಗ್ತಿಲ್ಲ ಎಂಬ ಆ ಮಾತು ಗಡಿಯಾರದಣ್ಣನ ನಾಲಿಗೆಗೆ ಅಂಟಿಕೊಂಡಿತ್ತು. ಗೊತ್ತಿದ್ದದ್ದಕ್ಕೂ ಅದೇ, ಗೊತ್ತಿಲ್ಲದ್ದಕ್ಕೂ ಅದೇ. ಅಂಗಡಿಯ ಮುಂದೆ ನಿಂತು ಗಂಟೆ ಎಷ್ಟೆಂದು ಕೇಳಿದವರಿಗೂ ಅದೇ ಉತ್ತರ. ಏಕೆಂದರೆ ಒಳಗೆ ಗೋಡೆ ತುಂಬ ಗಡಿಯಾರಗಳಿದ್ದರೂ ರಿಪೇರಿಗೆ ಬಂದು ನಿಂತಿದ್ದವೆಲ್ಲ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದವು. ಅದು ಅವರ ಹಟ. ನಿಂತ ಗಡಿಯಾರ ಕೈಗೆ ಬಂದೊಡನೆ ಹೊಟ್ಟೆ ಬಿಚ್ಚುವ ಮೊದಲು ಅದರ ಮುಳ್ಳುಗಳನ್ನು ಹತ್ತೂ ಹತ್ತಕ್ಕೆ ತಿರುಗಿಸುತ್ತಿದ್ದರು. ಎರಡು ಕೈ ಮೇಲೆತ್ತಿ ನಕ್ಕಂತೆ ಕಾಣಬೇಕು. "ನಿಂತಿರೋದೇ ಸಾಕು, ಅದರ ಮೇಲೆ ಅಳುಮುಖ ಬೇರೆ ಯಾಕೆ?" ಎನ್ನುವರು. ಬೂದಿ ಬಣ್ಣದ ಕೋಟಿನ ಜೇಬುಗಳಲ್ಲಿ ಸದಾ ಸ್ಕ್ರೂಗಳು ಕಿಣಿಕಿಣಿ ಎನ್ನುತ್ತಿದ್ದುದರಿಂದ, ಅವರು ಬೀದಿಯ ತಿರುವಿಗೆ ಬರುವ ಮುನ್ನವೇ ಅವರ ಬರವು ನಮಗೆಲ್ಲ ತಿಳಿಯುತ್ತಿತ್ತು.

ಇಂಥವರು ಕೊನೆಗಾಲದಲ್ಲಿ ತಿಂಡಿ ಮೆಷಿನ್ ಒಂದನ್ನು ಕೊಂಡದ್ದು ಹೆಂಡತಿಗಾಗಿ.

ಬೀದಿಗೆಲ್ಲ ಅತ್ತಿಗೆಯಾಗಿದ್ದ ಆಕೆ ದೊಡ್ಡಾಸ್ಪತ್ರೆಯಲ್ಲಿ, ಚೀಟಿ ಬರೆಸಿ ಸರದಿಗೆ ಕಾಯುವವರ ಹಜಾರದ ಮೂಲೆಯಲ್ಲಿ, ಮೇಜು ಹಾಕಿಕೊಂಡು ಬಿಸ್ಕತ್ತು, ಬ್ರೆಡ್ಡು, ಕಡಲೆಬೀಜದ ಪೊಟ್ಟಣ ಮಾರುತ್ತಿದ್ದರು. ಮಾರುವುದಕ್ಕಿಂತ ಮಾತು ಹೆಚ್ಚು. ಯಾರ ತಾಯಿಗೆ ಯಾವ ವಾರ್ಡು, ಯಾರ ಮಗುವಿಗೆ ಜ್ವರ ಇಳಿಯಿತು, ಎಲ್ಲ ಸುದ್ದಿಯೂ ಆ ಮೇಜಿನ ಮುಂದೆ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಿತ್ತು. ಹಜಾರಕ್ಕೆ ಹೊಸ ನೆಲ ಹಾಸಿದಾಗ ಹೊಸ ನಿಯಮವೂ ಬಂತು: ಇನ್ನು ಮೇಲೆ ಮೇಜು ಹಾಕಿ ಮಾರುವಂತಿಲ್ಲ, ನಾಣ್ಯ ಹಾಕಿ ಗುಂಡಿ ಒತ್ತಿದರೆ ಪೊಟ್ಟಣ ಬೀಳುವ ಮೆಷಿನ್ ಇಡಬಹುದು. ಹಜಾರ ಮತ್ತೆ ತೆರೆಯುವ ದಿನಕ್ಕೆ ಮೆಷಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಮೂಲೆ ಬೇರೆಯವರ ಪಾಲು. ಅತ್ತಿಗೆ ಮನೆಯ ಅಡುಗೆ ಕಟ್ಟೆಯ ಮೇಲೆ ಬಿಸ್ಕತ್ತಿನ ಡಬ್ಬಿಗಳನ್ನು ಮೇಜಿನ ಮೇಲಿದ್ದ ಕ್ರಮದಲ್ಲೇ ಜೋಡಿಸಿಟ್ಟು, ದಿನವೂ ಅವುಗಳ ಧೂಳು ಒರೆಸತೊಡಗಿದರು. ಗಡಿಯಾರದಣ್ಣನಿಗೆ ಅದನ್ನು ನೋಡಲಾಗಲಿಲ್ಲ.

ಅತ್ತಿಗೆಯ ತಮ್ಮ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ. ಭಾವನನ್ನು ಹತ್ತಿಸಿಕೊಂಡು ಹಳೇ ಸಾಮಾನಿನ ಗೋದಾಮಿಗೆ ಹೋದವನು ಅವನೇ. ಅಲ್ಲಿ, ಮುರಿದ ಫ್ರಿಜ್ಜುಗಳ ನಡುವೆ, ಬೀರುವಿಗಿಂತ ಎತ್ತರದ ಮೆಷಿನ್ನೊಂದು ಗಾಜಿನ ಮುಖದ ತುಂಬ ಧೂಳು ಬಳಿದುಕೊಂಡು ನಿಂತಿತ್ತು. ಗೋದಾಮಿನವನು, "ಚೆನ್ನಾಗೇ ಓಡ್ತಿತ್ತು, ನಿಂತಿದೆ ಅಷ್ಟೆ" ಎಂದ. ಅವರ ಅಂಗಡಿಗೆ ಬಂದ ಪ್ರತಿ ಗಡಿಯಾರದ ಜೊತೆಗೂ ಬರುತ್ತಿದ್ದ ಮಾತು ಅದು. ಗಡಿಯಾರದಣ್ಣ ತಲೆ ವಾಲಿಸಿ, ತಗಡಿಗೆ ಕಿವಿಯಿಟ್ಟು, ಏನು ಕೇಳಿಸಿತೋ, ಕೊಂಡೇಬಿಟ್ಟರು.

"ಭಾವಾ, ಕೈಗಡಿಯಾರ ಬಿಚ್ಚಿದ ಹಾಗಲ್ಲ ಇದು. ಒಳಗೆ ನೀವೇ ಸೇರ್ಕೊಂಡ್ರೂ ಹುಡುಕೋಕಾಗಲ್ಲ" ಎಂದು ಮೈದುನ ನಗುತ್ತಲೇ ಹಗ್ಗ ಬಿಗಿದ.

ಅಂಗಡಿಯ ಬಾಗಿಲಿಗೆ ಮೆಷಿನ್ ದೊಡ್ಡದಾಯಿತು. ಜಗುಲಿಯ ಮೇಲೆ ಟಾರ್ಪಾಲಿನಡಿ ಅದನ್ನು ನಿಲ್ಲಿಸಿ ಬಿಚ್ಚಿದರು. ನಾಣ್ಯ ಜಾರುವ ದಾರಿಯಲ್ಲಿ ಸಿಕ್ಕಿಕೊಂಡಿದ್ದ ಕೋಟಿನ ಗುಂಡಿಯೊಂದನ್ನು ಹೊರತೆಗೆದರು. ಒತ್ತುಗುಂಡಿಗಳ ಕೆಳಗಿನ ಹಿತ್ತಾಳೆ ತುದಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳೆಯಿಸಿದರು. ಪೊಟ್ಟಣಗಳನ್ನು ಮುಂದೆ ತಳ್ಳುವ ದಪ್ಪ ಸುರುಳಿ ತಂತಿಗಳನ್ನು ಒಂದೊಂದಾಗಿ ಕಳಚಿ, ತೊಳೆದು, ಬಿಸಿಲಿಗೆ ಒಣಗಿಸಿ, ಜೋಡಿಜೋಡಿಯಾಗಿ ಮತ್ತೆ ಕೂರಿಸಿದರು. ಕರೆಂಟು ಕೊಟ್ಟಾಗ ದೀಪ ಹತ್ತಿತು, ಮೋಟಾರು ತಿರುಗಿತು, ಸುರುಳಿ ಒಂದು ಸುತ್ತು ಸುತ್ತಿ ನಿಂತಿತು. ಪೊಟ್ಟಣ ಅಂಚಿನವರೆಗೆ ಬಂದು, ವಿನಯದಿಂದ ಬಗ್ಗಿ, ಬೀಳದೆ ನಿಂತಿತು.

ಇನ್ನೊಮ್ಮೆ ನಾಣ್ಯ ಹಾಕಿದರೆ ಅದು ಬೀಳುವುದು, ಅದರ ಹಿಂದಿನದು ಬಗ್ಗುವುದು. ಮೈದುನ ಗಾಜಿಗೆ ಮೂಗು ಹಚ್ಚಿ ನೋಡಿ, "ಭಾವಾ, ಇದು ಕೊಡೋ ಮೆಷಿನ್ ಅಲ್ಲ. ತೋರಿಸೋ ಮೆಷಿನ್" ಎಂದ.

ಅಂದಿನಿಂದ ಗಡಿಯಾರದಣ್ಣ ಗೊಂದಲದ ಗೂಡಾದರು. ಮೋಟಾರು ಸೋತಿದೆಯೆಂದು ಬಿಚ್ಚಿದರು, ಸೋತಿರಲಿಲ್ಲ. ಜಗುಲಿಯೇ ಓರೆಯಿರಬೇಕೆಂದು ಮೆಷಿನ್ನಿನ ಕಾಲಿಗೆ ರಟ್ಟು ಕೊಟ್ಟರು; ಪೊಟ್ಟಣ ಇನ್ನಷ್ಟು ಬಗ್ಗಿತು, ಬೀಳಲಿಲ್ಲ. ಬಿಸ್ಕತ್ತು ಹಗುರವೆಂದು ಬ್ರೆಡ್ಡು ಇಟ್ಟರು, ಬ್ರೆಡ್ಡು ದಪ್ಪವೆಂದು ಕಡಲೆಬೀಜ ಇಟ್ಟರು. ಹಜಾರ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಎಲ್ಲ ಭಾಗವೂ ಸರಿಯಿದ್ದು ಒಟ್ಟು ಮಾತ್ರ ತಪ್ಪಾಗುವ ಬಗೆ ಅವರ ಕಸುಬಿನಲ್ಲಿ ಇರಲಿಲ್ಲ. ಊಟಕ್ಕೆ ಕೂತಾಗಲೂ ತಟ್ಟೆಯನ್ನು ಓರೆ ಹಿಡಿದು ಅನ್ನ ಎಲ್ಲಿಂದ ಜಾರುತ್ತದೆಂದು ನೋಡುತ್ತಿದ್ದರು.

ಬುತ್ತಿ ತಂದ ಅತ್ತಿಗೆ ಒಂದು ಮಧ್ಯಾಹ್ನ ಮೆಷಿನ್ನಿನ ಮುಂದೆ ನಿಂತು ಗಾಜಿನೊಳಗೆ ಇಣುಕಿದರು.

"ಏನ್ರೀ ಇದು, ಎಲ್ಲಾ ಹತ್ತೂ ಹತ್ತು ಮಾಡಿಟ್ಟಿದ್ದೀರಿ?"

ಆಗಲೇ ಅವರೂ ಕಂಡದ್ದು. ಪ್ರತಿ ಜೋಡಿಯಲ್ಲೂ ಎಡ ಸುರುಳಿಯ ತುದಿ ಹತ್ತರ ಕಡೆಗೆ, ಬಲದ್ದು ಎರಡರ ಕಡೆಗೆ. ಕೈ ತನ್ನ ಹಳೇ ಚಾಳಿಯಲ್ಲಿ ಕೂರಿಸಿಬಿಟ್ಟಿತ್ತು. ಕಣ್ಣಿಗೆ ಅದು ಎಷ್ಟು ಸಹಜವಾಗಿತ್ತೆಂದರೆ ಕಂಡಿರಲೇ ಇಲ್ಲ.

"ನಿಂತಿತ್ತಲ್ಲ, ಅದಕ್ಕೆ" ಎಂದರು.

"ನಿಂತಾಗ ಸರಿ. ಕೊಡೋವಾಗ ಕೈ ಕೆಳಗೆ ಬರಬೇಡ್ವಾ? ಮೇಲಕ್ಕೆತ್ತಿ ಹಿಡ್ಕೊಂಡ್ರೆ ಪೊಟ್ಟಣ ಹೇಗೆ ಬಿಡುತ್ತೆ?"

"ಅದೇ ಗೊತ್ತಾಗ್ಲಿಲ್ಲ ನೋಡು."

ಎಲ್ಲ ತುದಿಗಳನ್ನೂ ಆರರ ಕಡೆಗೆ ಇಳಿಸಿದರು. ಮಕ್ಕಳ ಮುಖ ತಾವೇ ಬಾಡಿಸಿದಂತೆ, ಒಂದೊಂದನ್ನು ಇಳಿಸುವಾಗಲೂ ಮನಸ್ಸಿಲ್ಲದ ಮನಸ್ಸಿನಿಂದ. ಪೊಟ್ಟಣಗಳು ತಪತಪ ಬಿದ್ದವು. ಆಸ್ಪತ್ರೆಯ ಮೇಲ್ವಿಚಾರಕರು ಬಂದು, ಗುಂಡಿಯೊತ್ತಿ, ಬಿಸ್ಕತ್ತು ತಿಂದು, ಒಪ್ಪಿಗೆ ಕೊಟ್ಟರು. ಮೂಲೆ ಉಳಿಯಿತು.

ಆದರೆ ಬೆಳಿಗ್ಗೆ ಹೋಗಿ ಪೊಟ್ಟಣ ತುಂಬಿ ಬಂದರೆ ಅತ್ತಿಗೆಗೆ ಮತ್ತೆ ಮಾಡಲು ಏನೂ ಇಲ್ಲ. ಡಬ್ಬಿಗಳ ಮೇಲಿನ ಧೂಳನ್ನೂ ಈಗ ಒರೆಸುತ್ತಿರಲಿಲ್ಲ. ಗಡಿಯಾರದಣ್ಣನಿಗೆ ಮತ್ತೆ ಗೊಂದಲ. ಕೆಟ್ಟದ್ದು ಸರಿಯಾಗಿದೆ, ಓಡುತ್ತಿದೆ. ಹಾಗಿದ್ದರೆ ನಿಂತದ್ದು ಯಾವುದು?

"ಜಾಗ ಉಳೀತಲ್ಲೇ" ಎಂದರು ಒಂದು ಸಂಜೆ.

"ಜಾಗ ಉಳೀತು. ಅಲ್ಲಿ ನಾನೆಲ್ಲಿದ್ದೀನಿ?" ಎಂದು ಅತ್ತಿಗೆ ಒಗೆದ ಬಟ್ಟೆ ಮಡಿಸತೊಡಗಿದರು.

ಮರುದಿನ ಗಡಿಯಾರದಣ್ಣ ಕೋಟು ತೊಟ್ಟು, ಮೆಷಿನ್ನಿಗೆ ಎಣ್ಣೆ ಬಿಡಬೇಕೆಂದು ಹೇಳಿ ಆಸ್ಪತ್ರೆಗೆ ಹೋದರು. ಅದಾದ ಮೇಲೆ, ಎಲ್ಲಕ್ಕಿಂತ ಹೆಚ್ಚು ಖರ್ಚಾಗುವ ಬಿಸ್ಕತ್ತಿನ ಸಾಲು ಮಾತ್ರ ಹಳೇ ವರಸೆ ತೆಗೆಯಿತು. ಪೊಟ್ಟಣ ಬರುವುದು, ಬಗ್ಗುವುದು, ನಿಲ್ಲುವುದು. ಗಾಜಿನ ಎಡ ಅಂಚಿನಲ್ಲಿ ಒಂದು ಕಡೆ ಅಂಗೈಯಿಂದ ಮೆತ್ತಗೆ ತಟ್ಟಿದರೆ ಬೀಳುವುದು. ಎಲ್ಲಿ ತಟ್ಟಬೇಕೆಂಬುದು ಅತ್ತಿಗೆಗೆ ಮಾತ್ರ ಗೊತ್ತು. ಹೀಗಾಗಿ ಆಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಷಿನ್ನಿನ ಪಕ್ಕದ ಬೆಂಚಿನಲ್ಲಿ ಇರಬೇಕಾಯಿತು. ಕಾವಲಿನವನು ಬಂದು, "ಅಮ್ಮಾ, ಇಲ್ಲಿ ಮಾರೋ ಹಾಗಿಲ್ಲ" ಎಂದ.

"ನಾನೆಲ್ಲಪ್ಪಾ ಮಾರ್ತಿದ್ದೀನಿ? ಮಾರೋದು ಅದು. ನಾನು ಕೂತಿದ್ದೀನಿ. ನಿಮ್ಮಮ್ಮನ ಕಾಲುನೋವು ಹೇಗಿದೆ?"

ಅವನು ಕಾಲುನೋವಿನ ಕಥೆ ಹೇಳುತ್ತ ಅಲ್ಲೇ ಕೂತ.

ಮೈದುನ ಮಾತ್ರ ಬಿಡಲಿಲ್ಲ. "ಭಾವಾ, ಆ ಒಂದು ಸುರುಳಿ ಕೆಳಗಿಳಿಸೋಕೆ ನಿಮಗೆಷ್ಟು ಹೊತ್ತು ಬೇಕು? ಬೇಕಂತಲೇ ಬಿಟ್ಟಿದ್ದೀರೋ, ಮರೆತಿದ್ದೀರೋ?"

"ಅದೇ ಗೊತ್ತಾಗ್ತಿಲ್ಲ ನೋಡು" ಎಂದರು ಗಡಿಯಾರದಣ್ಣ. ಆಗ ಅವರ ತಲೆ ನೆಟ್ಟಗಿತ್ತೆಂದು ಮೈದುನ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ನೆಟ್ಟಗಿದ್ದದ್ದು ಸುಳ್ಳು ಹೇಳುತ್ತಿದ್ದುದಕ್ಕೋ ನಿಜ ಹೇಳುತ್ತಿದ್ದುದಕ್ಕೋ, ಅವನಿಗೂ ತಿಳಿಯದು, ಅವನಿಂದ ಕೇಳಿದ ನಮಗೂ ತಿಳಿಯದು.

ಅಂಥವರು ಎಲ್ಲ ಬೀದಿಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ತಲೆ ವಾಲಿಸಿ, ಕಣ್ಣು ಕಿರಿದು ಮಾಡಿ, ಬಿಚ್ಚಿ ಹರಡಿದ ಸಾಮಾನಿನ ನಡುವೆ ಕೂತಿರುವ ಅವರನ್ನು ಕಂಡು, ಪಾಪ, ಇವರಿಗೆ ಏನೂ ಅರ್ಥವಾಗುತ್ತಿಲ್ಲ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಅವರೂ ತಮ್ಮ ಬಗ್ಗೆ ಹಾಗೆಯೇ ತಿಳಿದಿರುತ್ತಾರೆ. ಒಲವು ಅಂಥವರ ತಲೆಗೆ ತಿಳಿಯುವುದು ತಡ. ಅಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿ, ಏನೂ ಅರಿಯದಂತೆ ಕೋಟಿನ ಜೇಬು ಸೇರಿ, ಸ್ಕ್ರೂಗಳನ್ನು ಕಿಣಿಕಿಣಿ ಎನಿಸುತ್ತಿರುತ್ತದೆ.