ದೊಡ್ಡವ್ವನ ಕಬ್ಬಿಣದ ಮಾತ್ರೆ

ತಾಂಡೂರಿನ ಡಾಕ್ಟರ್ ಸರಿತಾಳ ಬರಹ ರಕ್ತ ಸಂಶೋಧನೆಯ ದೊಡ್ಡ ಪತ್ರಿಕೆಯಲ್ಲಿ ಅಚ್ಚಾದರೆ ಕಾಲೇಜಿನಲ್ಲಿ ಬಡ್ತಿ ಸಿಕ್ಕಂತೆಯೇ. ಪಕ್ಕದ ಊರು ಪೆದ್ದೆಮುಲ್‌ನ ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ರಕ್ತದ ಅಂಶ ಏರುತ್ತದೆಯೇ ಎಂದು ನೋಡಿದ ಬರಹ ಅದು. ಹೆಚ್ಚಿನವರಿಗೆ ಏರಿತ್ತು. ಲಿಂಗಾಯತರ ಓಣಿಯವರಿಗೆ ಮಾತ್ರ ಇದ್ದಲ್ಲೇ ಇತ್ತು. ಬರಹವನ್ನು ಪರೀಕ್ಷಿಸಲು ಪತ್ರಿಕೆಯವರು ಗೊತ್ತುಮಾಡಿದ್ದ ಪರಿಣತರು, ‘ಇವರು ಮಾತ್ರೆ ನುಂಗಿಲ್ಲ ಎಂದು ಸೇರಿಸಿ, ಒಪ್ಪಬಹುದು’ ಎಂದು ಬರೆದರು. ಪೆದ್ದೆಮುಲ್ ಎತ್ತ ಇದೆಯೋ ಅವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದ ಸರಿತಾಳಿಗೂ ಹಾಗೇ ಅನಿಸಿತ್ತು. ಆ ವಾಕ್ಯ ಟೈಪ್ ಮಾಡಿಟ್ಟಳು.

ಆ ಓಣಿಯಲ್ಲಿ ಅವಳ ದೊಡ್ಡವ್ವ ಗುರುಲಿಂಗಮ್ಮನೂ ಇದ್ದಳು. ತಿದ್ದಿದ ಬರಹ ಕಳಿಸುವ ಮುನ್ನ ಅವಳನ್ನು ಒಂದಿಷ್ಟು ಬೈದು ಬರೋಣವೆಂದು ಸರಿತಾ ಹೊರಟಳು. ಊರಿಗೆಲ್ಲ ಔಷಧ ಕೊಡುವವಳ ಮಾತನ್ನು ಮನೆಯವರೇ ಕೇಳದಿದ್ದರೆ ಸಿಟ್ಟು ಬರದೆ ಇರುತ್ತದೆಯೇ? ದೊಡ್ಡವ್ವ ಕೊರಳಿನ ಲಿಂಗ ಮುಟ್ಟಿ, ಒಂದೂ ಬಿಟ್ಟಿಲ್ಲ ಎಂದಳು. ಸರಿತಾ ನಂಬಲಿಲ್ಲ, ಅಂದು ಅಲ್ಲೇ ಉಳಿದಳು.

ಬೆಳಿಗ್ಗೆ ದೊಡ್ಡವ್ವ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದಳು. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಕಡಕ್ ಚಹಾ ಕುಡಿದು ನುಂಗಿದಳು.

ಸರಿತಾ ಹಣೆ ಚಚ್ಚಿಕೊಂಡಳು. ಚಹಾದ ಜೊತೆ ನುಂಗಿದ ಕಬ್ಬಿಣ ಮೈಗೆ ಹತ್ತುವುದು ಅಷ್ಟಕ್ಕಷ್ಟೆ.

“ಪೂಜಿ ಆಗೂತನಕ ನೀರು ಸೈತ ಮುಟ್ಟಂಗಿಲ್ಲ,” ಎಂದಳು ದೊಡ್ಡವ್ವ. “ಆದಮ್ಯಾಗ ಮೊದಲು ಚಹಾ. ಮುಂಜಾನೆದ್ದು ಮೊದಲ ಗುಳಿಗಿ ತಗೋ ಅಂತ ನೀನ ಹೇಳಿದ್ದಿ.”

ಸರಿತಾ ಓಣಿಯ ಮನೆಮನೆಗೂ ಹೋಗಿ ಕೇಳಿದಳು. ಎಲ್ಲ ಕಡೆ ಅದೇ ಪೂಜೆ, ಅದೇ ಚಹಾ. ಬೇರೆ ಓಣಿಯವರು ಎದ್ದ ಕೂಡಲೇ ನೀರಿನ ಜೊತೆ ನುಂಗಿದ್ದರು. ಅವಳಿಗೆ ನಾಚಿಕೆಯಾಯಿತು. ಅಲ್ಲೇ ಕಟ್ಟೆಯ ಮೇಲೆ ಕೂತು ಆ ವಾಕ್ಯ ಅಳಿಸಿ, ‘ಎಲ್ಲರೂ ಮಾತ್ರೆ ನುಂಗಿದ್ದಾರೆ. ಯಾವುದರ ಜೊತೆ ಎಂದು ನಾವು ಕೇಳಿರಲಿಲ್ಲ’ ಎಂದು ಬರೆದು ಕಳಿಸಿದಳು. ಹಾಗಾದರೆ ಅಧ್ಯಯನವನ್ನು ಮೊದಲಿನಿಂದ ಮಾಡಿ ಎಂದು ಪತ್ರಿಕೆ ಬರಹ ವಾಪಸು ಮಾಡಿತು. ಆ ವರ್ಷದ ಬಡ್ತಿ ಹೋಯಿತು.

ದೊಡ್ಡವ್ವನಿಗೆ ಮಾತ್ರೆಯ ಜೊತೆ ಈಗ ಲಿಂಬೆ ನೀರು, ಚಹಾ ಆಮೇಲೆ. ಬಡ್ತಿ ಹೋದ ವಿಷಯ ತಿಳಿದು ಅವಳು ಮರುಗಿದಳು. ಆ ಬರಹದಲ್ಲಿ ತನ್ನ ಹೆಸರಿತ್ತೇ ಎಂದು ಕೇಳಿದಳು. ಅಂಥ ಬರಹದಲ್ಲಿ ಯಾರ ಹೆಸರೂ ಇರುವುದಿಲ್ಲ ಎಂದಳು ಸರಿತಾ.

“ಮತ್ತ ಗುಳಿಗಿ ನುಂಗಿಲ್ಲ ಅಂತ ಬರದು ಕಳಿಸಿದ್ರ, ನನ್ನ ಬಗ್ಗೆ ಅಂತ ಯಾರಿಗಿ ಗೊತ್ತಾಗ್ತಿತ್ತು?”

“ನನಗ ಗೊತ್ತಾಗ್ತಿತ್ತವ್ವ,” ಎಂದಳು ಸರಿತಾ.