ಓದಲಾಗದ ಜಾಗ

"ಪೆನ್‌ಡ್ರೈವ್ ಕೊಟ್ರೆ ಕೋರ್ಟಿನವರು ಮುಟ್ಟಲ್ಲ ಕಣಮ್ಮಾ," ಅಂದಿದ್ದರು ವಕೀಲೆ. "ಡಿವಿಡಿಯಲ್ಲೇ ಬೇಕು. ಒಂದು ಕೋರ್ಟಿಗೆ, ಒಂದು ಎದುರು ಪಾರ್ಟಿಗೆ. ಸೋಮವಾರ ವಿಚಾರಣೆ, ಅಷ್ಟರೊಳಗೆ ಮಾಡಿಸಿಬಿಡಿ. ನಮ್ಮ ಆಫೀಸಿನ ಕಂಪ್ಯೂಟರುಗಳಲ್ಲಿ ಡಿವಿಡಿ ಹಾಕೋ ಜಾಗಾನೇ ಇಲ್ಲ ಈಗ."

ಅಕ್ಕನ ಕಂಪ್ಯೂಟರಿನಲ್ಲಿ ಇತ್ತು. ಬಟ್ಟೆ ಹೊಲಿಯುವ ಅವಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರು ಕೂಡ. ಆದರೆ ಒಡಹುಟ್ಟಿದವನಾಗಿ ಹಾಗೆ ಕರೆಯುತ್ತಿದ್ದವನು ಒಬ್ಬನೇ, ತಮ್ಮ ಗುಂಡ. ಹುಟ್ಟಿದಾಗ ಕುಂಬಳಕಾಯಿಯಂತಿದ್ದನಂತೆ, ಬೆಳೆದಂತೆ ಕಡ್ಡಿಯಾದರೂ ಹೆಸರು ಮಾತ್ರ ಕರಗಲಿಲ್ಲ. ಗುಜರಿಯಿಂದ ಒಂದೊಂದೇ ಭಾಗ ಆಯ್ದು ತಂದು, ಹೊಲಿಗೆ ಯಂತ್ರದ ಪಕ್ಕದಲ್ಲೇ ಅವಳಿಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ. ಅದಕ್ಕೆ ಹಾಕಿದ್ದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. "ಇದು ಯಾರಪ್ಪನ ಮನೆ ಆಸ್ತೀನೂ ಅಲ್ಲಕ್ಕಾ. ಬಟ್ಟೆ ಒಳಮೈ ತಿರುಗಿಸಿ ನೋಡ್ತೀಯಲ್ಲ, ಹಂಗೆ ಇದನ್ನೂ ನೋಡಬಹುದು," ಅಂದಿದ್ದ. ಅವಳು ನೋಡಿರಲಿಲ್ಲ. ಕೆಟ್ಟಾಗ ಅವನನ್ನು ಕೂಗುತ್ತಿದ್ದಳು, ಅಷ್ಟೆ.

ಈಗ ಕೂಗಿದರೆ ಬರುವವನಲ್ಲ. ಕಾಗದದ ಗೋದಾಮಿನಲ್ಲಿ ಕಾಗದ ಸುತ್ತಿದ ಆಳೆತ್ತರದ ರೀಲು ಉರುಳಿ, ಗೋಡೆಗೂ ರೀಲಿಗೂ ನಡುವೆ ಸಿಕ್ಕಿ ಸತ್ತಿದ್ದ. ರೀಲು ಉರುಳದಂತೆ ಬುಡಕ್ಕೆ ಮರದ ಬೆಣೆ ಕೊಡಬೇಕು. ಅವನೇ ಕೊಟ್ಟಿರಲಿಲ್ಲ, ಸ್ವಂತ ಅಜಾಗರೂಕತೆ ಎಂದು ಕಂಪನಿಯವರು ಬರೆದುಕೊಟ್ಟರು. "ತಕ್ಷಣ ಹೋಯ್ತಮ್ಮ ಜೀವ, ನೋವೇ ಗೊತ್ತಾಗಿಲ್ಲ" ಎಂದು ಸೂಪರ್‌ವೈಸರ್ ಮನೆಗೆ ಬಂದು ಕೈ ಮುಗಿದು ಹೇಳಿ ಹೋದ. ಗುಂಡನ ಹೆಂಡತಿ ಈ ಮೂರು ತಿಂಗಳು ಆ ಒಂದು ಮಾತನ್ನೇ ಊರುಗೋಲು ಮಾಡಿಕೊಂಡು ಎದ್ದು ಓಡಾಡುತ್ತಿದ್ದಳು. ಅವಳೀಗ ಅಕ್ಕನ ಜೊತೆಗೇ ಇದ್ದಳು.

ಗೋದಾಮಿನ ತೆರೆದ ಬಾಗಿಲಿನ ಎದುರಿಗಿದ್ದ ಟೈರ್ ಅಂಗಡಿಯ ಕ್ಯಾಮೆರಾಕ್ಕೆ ಎಲ್ಲ ಕಂಡಿತ್ತು. ಅಂಗಡಿಯವನು ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅಕ್ಕನ ಅಂಗೈಯಲ್ಲಿಟ್ಟು, "ಲಾಯರಿಗೆ ಕೊಡು. ನೀನು ಮಾತ್ರ ನೋಡಬೇಡ," ಅಂದ. ವಕೀಲೆ ಅವನ ಅಂಗಡಿಯಲ್ಲೇ ಒಂದಿಷ್ಟು ನೋಡಿದ್ದರು. ಗುಂಡ ಬೆಣೆ ಇಟ್ಟಿದ್ದು, ಆಮೇಲೆ ರೀಲು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಹಿಂದಕ್ಕೆ ಬಂದು ಗುದ್ದಿದ್ದು. "ನಮಗೆ ಅಷ್ಟು ಸಾಕು. ಆದ್ರೆ ಕತ್ತರಿಸಿ ಕೊಟ್ರೆ ಉಳಿದದ್ದೆಲ್ಲಿ ಅಂತ ತಕರಾರು ತೆಗೀತಾರೆ. ಪೂರ್ತಿ ಇರಲಿ." ಹೊರಗಿನ ಅಂಗಡಿಗೆ ಕೊಟ್ಟು ಡಿವಿಡಿಗೆ ಬರ್ನ್ ಮಾಡಿಸಲು ಅಕ್ಕನಿಗೆ ಮನಸ್ಸಾಗಲಿಲ್ಲ. ಸಂಜೆಯೊಳಗೆ ತಮ್ಮನ ಸಾವು ಊರವರ ಮೊಬೈಲುಗಳಲ್ಲಿ ಹರಿದಾಡುವುದು ಅವಳಿಗೆ ಬೇಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಖಾಲಿ ಡಿವಿಡಿ ಒಳಗಿಟ್ಟು, ವಿಡಿಯೊ ತೆರೆಯದೆ, ಫೈಲಿನ ಹೆಸರನ್ನಷ್ಟೇ ಎಳೆದು ಬಿಟ್ಟಳು. 'ಡಿವಿಡಿ ಡ್ರೈವ್ ಬೇರೆ ಕೆಲಸದಲ್ಲಿದೆ' ಎಂದಿತು ಕಂಪ್ಯೂಟರ್. ಯಾವ ಕೆಲಸ ಎಂದು ಹೇಳಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು: ಡಿವಿಡಿ ಹಾಕಿದೊಡನೆ ಅದರೊಳಗೆ ಏನಿದೆ ಎಂದು ತೋರಿಸಲು ಒಂದು ಕಿಟಕಿ ತಾನಾಗಿ ತೆರೆದುಕೊಂಡು, ಡ್ರೈವನ್ನು ಹಿಡಿದುಕೊಂಡಿತ್ತು. ಅದನ್ನು ಮುಚ್ಚಿದಳು. ಈಗ 'ಅನುಮತಿ ಇಲ್ಲ' ಎಂದಿತು. ಗುಂಡ ಎಲ್ಲ ಅಧಿಕಾರವನ್ನೂ ತನ್ನ ಖಾತೆಗೆ ಕೊಟ್ಟುಕೊಂಡು, ಅಕ್ಕನ ಖಾತೆಯನ್ನು ಡಿವಿಡಿ ಬರೆಯಬಲ್ಲವರ ಗುಂಪಿಗೆ ಸೇರಿಸುವುದನ್ನೇ ಮರೆತಿದ್ದ. ಅವನ ಪಾಸ್‌ವರ್ಡ್ ಅವಳಿಗೆ ಬಾಯಿಪಾಠ. ಟೈಪ್ ಮಾಡುವಾಗ ಒಂದೊಂದೇ ಅಕ್ಷರ ಜೋರಾಗಿ ಹೇಳಿಕೊಳ್ಳುವುದು ಅವನ ಚಾಳಿಯಾಗಿತ್ತು. ಅದನ್ನು ಒತ್ತುವಾಗ ಅವನ ದನಿ ಕಿವಿಯಲ್ಲಿ ಬಂತು. ಕಣ್ಣೊರೆಸಿಕೊಂಡು ತನ್ನ ಹೆಸರು ಸೇರಿಸಿದಳು.

ಆಮೇಲೆ ಡ್ರೈವ್ ಗುಯ್‌ಗುಟ್ಟುತ್ತ ಬರೆಯತೊಡಗಿತು. ಅವಳು ಒಂದು ಪ್ಯಾಂಟಿನ ಅಂಚು ಮಡಿಸುತ್ತ ಕೂತಳು. ಮುಕ್ಕಾಲು ಭಾಗ ಆದಮೇಲೆ ಸದ್ದು ನಿಂತು, 'ದೋಷ' ಎಂಬ ಕೆಂಪು ಗೆರೆ ಮೂಡಿ, ತಟ್ಟೆ ಹೊರಬಂತು. ಡಿವಿಡಿ ಹಾಳು.

"ಆಯ್ತಾ ಅತ್ತಿಗೆ?" ಒಳಗಿನಿಂದ ಗುಂಡನ ಹೆಂಡತಿ ಕೇಳಿದಳು.

"ಇಲ್ಲ ಕಣೇ. ಏನೋ ಮೊಂಡಾಟ ಮಾಡ್ತಿದೆ."

"ಅವರಿದ್ದಿದ್ರೆ ಒಂದು ಗಳಿಗೆ ಕೆಲಸ," ಅಂದಳು ಅವಳು, ಸುಮ್ಮನೆ, ಬಾಯಿಂದ ಬಂತು ಎನ್ನುವ ಹಾಗೆ.

ವೇಗ ಜಾಸ್ತಿಯಾದರೆ ಹೀಗಾಗುತ್ತದೆ ಎಂದು ಎಲ್ಲೋ ಓದಿ ವೇಗ ಇಳಿಸಿದಳು. ಮತ್ತೆ ಹಾಳು. ಡ್ರೈವಿನ ಕಣ್ಣಿಗೆ ದೂಳು ಕೂತಿರಬಹುದೆಂದು ಹೊಲಿಗೆ ಯಂತ್ರಕ್ಕೆ ಗಾಳಿ ಊದುವ ರಬ್ಬರ್ ಬುರುಡೆಯಿಂದಲೇ ಊದಿದಳು. ಹಾಳು. ಬೇರೆ ಕಂಪನಿಯ ಡಿವಿಡಿ ತಂದಳು. ಅದೂ ಹಾಳು. ಮೇಜಿನ ಮೇಲೆ ಹಾಳಾದ ತಟ್ಟೆಗಳು ಹೊಳೆಯುತ್ತ ಬಿದ್ದಿದ್ದವು. ತಾನೇ ಏನೋ ತಪ್ಪು ಮಾಡುತ್ತಿದ್ದೇನೆ, ಬದುಕಿದ್ದಾಗಲೂ ಅವನಿಗೆ ಏನೂ ಮಾಡಲಿಲ್ಲ, ಈಗ ಇಷ್ಟೂ ಕೈಲಾಗುತ್ತಿಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ತಾಣವೊಂದರಲ್ಲಿ ಗುಂಡ ಆಗಾಗ ಹರಟುತ್ತಿದ್ದ. ಶನಿವಾರ ಅಲ್ಲಿಗೆ ಹೋಗಿ, ಡಿವಿಡಿಯ ಪಾಡನ್ನೆಲ್ಲ ಬರೆದು ಕೇಳಿದಳು. 'ಮುಳ್ಳುಹಂದಿ' ಎಂಬ ಹೆಸರಿಟ್ಟುಕೊಂಡ ಯಾರೋ ಉತ್ತರಿಸಿದರು.

"ಪ್ರತಿಸಲ ಒಂದೇ ಕಡೆ ನಿಲ್ತಿದೆಯಾ?"

"ಹೌದು. ಮುಕ್ಕಾಲು ದಾಟಿದ ಮೇಲೆ."

"ಡಿವಿಡಿ ಬದಲಾದ್ರೂ ಅದೇ ಜಾಗ ಅಂದ್ರೆ ಬರೆಯೋದ್ರಲ್ಲಿ ತಪ್ಪಿಲ್ಲ. ಓದೋದ್ರಲ್ಲಿದೆ. ಫೈಲ್ ಪೆನ್‌ಡ್ರೈವ್‌ನಿಂದ ನೇರ ಹೋಗ್ತಿದೆಯಾ?"

"ಹೌದು."

"ಅಯ್ಯೋ. ಇನ್ನೊಂದ್ಸಲ ಬರ್ನ್ ಮಾಡಬೇಡಿ. ಆ ಪೆನ್‌ಡ್ರೈವ್ ಸಾಯ್ತಿದೆ. ಓದಿಸಿದಷ್ಟೂ ಕೆಡುತ್ತೆ. ಬೇರೆ ಪ್ರತಿ ಇದೆಯಾ?"

ಬೇರೆ ಪ್ರತಿ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಟೈರ್ ಅಂಗಡಿಗೆ ಓಡಿದಳು. ಅಂಗಡಿಯವನು ಗ್ರೀಸ್ ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ತಲೆಯಾಡಿಸಿದ. "ಅದು ಹದಿನೈದು ದಿನಕ್ಕೆ ಹಳೇದರ ಮೇಲೆ ಹೊಸದು ಬರ್ಕೊಂಡು ಹೋಗುತ್ತಮ್ಮ. ನನ್ನತ್ರ ಏನೂ ಉಳಿದಿಲ್ಲ." ಅವನೊಮ್ಮೆ ಎದುರಿನ ಗೋದಾಮಿನ ಕಡೆ ನೋಡಿ ದನಿ ತಗ್ಗಿಸಿದ. "ನೋಡಿದ್ಯಾ?"

"ಇಲ್ಲಣ್ಣ."

"ಒಳ್ಳೇದಾಯ್ತು," ಅಂದ. ಅವನು ಯಾಕೆ ಹಾಗೆ ಮುಖ ತಿರುಗಿಸಿದ ಎಂದು ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕೊರೆಯಿತು.

ಮುಳ್ಳುಹಂದಿ ಒಂದು ದಾರಿ ಹೇಳಿಕೊಟ್ಟರು. ಕೆಟ್ಟ ಜಾಗ ಸಿಕ್ಕಿದರೆ ಅಲ್ಲೇ ತಲೆ ಚಚ್ಚಿಕೊಳ್ಳದೆ ಅದನ್ನು ಹಾರಿ, ಮೊದಲು ಚೆನ್ನಾಗಿರುವುದನ್ನೆಲ್ಲ ಎತ್ತಿಟ್ಟುಕೊಂಡು, ಆಮೇಲೆ ಬಿಟ್ಟ ಜಾಗಗಳನ್ನು ಮತ್ತೆ ಮತ್ತೆ ತಟ್ಟಿ ನೋಡುವ ಒಂದು ಪ್ರೋಗ್ರಾಮು. ಭಾನುವಾರ ಇಡೀ ಹಗಲು ಅದು ನಡೆಯಿತು. ಪರದೆಯ ಮೇಲೆ ಉಳಿದ ಭಾಗ ಇಷ್ಟಿಷ್ಟೇ ಕಡಿಮೆಯಾಗುತ್ತ ಬಂತು. ಅಕ್ಕ ಎದ್ದು ಹೋಗಲಿಲ್ಲ. ಗುಂಡನ ಹೆಂಡತಿ ಅವಳ ಮುಂದೆ ತಂದಿಟ್ಟ ಚಹಾ ಕೆನೆಗಟ್ಟಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಲವೇ ಸೆಕೆಂಡುಗಳಷ್ಟು ಬಿಟ್ಟು ಉಳಿದದ್ದೆಲ್ಲ ಕಂಪ್ಯೂಟರಿನೊಳಗೆ ಬಂದಿತ್ತು. ಪೆನ್‌ಡ್ರೈವ್ ಆಮೇಲೆ ಮತ್ತೆ ಉಸಿರೆತ್ತಲಿಲ್ಲ. ಡಿವಿಡಿ ಮಾತ್ರ ಈ ಸಲ ಒಂದು ಗೊಣಗೂ ಇಲ್ಲದೆ ಬರೆದು ಮುಗಿಸಿತು.

"ಆಯಿತು," ಎಂದು ಬರೆದಳು.

"ಕಂಪ್ಯೂಟರ್ ಸರಿ ಅಂದ್ರೂ ನಂಬಬೇಡಿ. ಕೊನೇವರೆಗೆ ಓಡಿಸಿ, ಕಣ್ಣಾರೆ ನೋಡಿ," ಎಂದು ಬಂತು ಉತ್ತರ. ಆ ವಿಡಿಯೊದಲ್ಲಿ ಏನಿದೆ ಎಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಸದ್ದಿಲ್ಲದ ಚಿತ್ರ. ಗುಂಡ ಬಗ್ಗಿ ಬೆಣೆ ಇಟ್ಟು, ಕಾಲಿನಿಂದ ಒದ್ದು ಗಟ್ಟಿ ಮಾಡಿದ. ಬೆವರು ಒರೆಸಿಕೊಂಡ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬಂತು, ಗುದ್ದಿತು, ಬೆಣೆ ಸಿಡಿಯಿತು, ರೀಲು ಹೊರಳಿತು. ಅಷ್ಟಕ್ಕೆ ಮುಗಿಯಿತೆಂದು ಅಕ್ಕ ಕಣ್ಣು ಮುಚ್ಚಿದಳು. ಆದರೆ ಡಿವಿಡಿ ಇನ್ನೂ ತಿರುಗುತ್ತಲೇ ಇತ್ತು. ಕಣ್ಣು ಬಿಟ್ಟಾಗ ರೀಲಿನ ಪಕ್ಕದಿಂದ ಒಂದು ಕೈ ಚಾಚಿತ್ತು. ಅದು ಅಲ್ಲಾಡುತ್ತಿತ್ತು.

ಸೂಪರ್‌ವೈಸರ್ ಓಡಿಬಂದ. ಬಗ್ಗಿ ನೋಡಿದ. ರೀಲನ್ನು ಎತ್ತಿಸಲಿಲ್ಲ. ಡ್ರೈವರನನ್ನು ಗದರಿ ಗಾಡಿಯನ್ನು ದೂರ ಒಯ್ಯಿಸಿದ. ಸಿಡಿದ ಬೆಣೆಯನ್ನು ಹುಡುಕಿ, ಎತ್ತಿಕೊಂಡು, ಚಿತ್ರದಿಂದ ಆಚೆ ಹೋಗಿ ಬರಿಗೈಯಲ್ಲಿ ಬಂದ. ನಡುವೆ ಚಿತ್ರ ಹಸಿರು ಚೌಕಗಳಾಗಿ ಚಿಂದಿಯಾಯಿತು. ಅದೇ ಆ ಕಳೆದುಹೋದ ಜಾಗ. ಮುಂದಿನದೆಲ್ಲ ಹೀಗೇ ಕಳೆದುಹೋಗಿದ್ದರೆ ಎಂದು ಅವಳ ಜೀವ ಹಂಬಲಿಸಿತು. ಚಿತ್ರ ಮತ್ತೆ ತಿಳಿಯಾಯಿತು. ಸೂಪರ್‌ವೈಸರ್ ನೆಲ ಗುಡಿಸುತ್ತಿದ್ದ. ಕೈ ನೆಲವನ್ನು ತಟ್ಟುತ್ತಿತ್ತು, ಯಾರನ್ನೋ ಕರೆಯುವ ಹಾಗೆ. ಆಮೇಲೆ ಬೆರಳುಗಳು ಮಾತ್ರ ಆಡಿದವು. ಬಹಳ ಹೊತ್ತಿನ ಮೇಲೆ ಅವೂ ನಿಂತವು. ಅದಾದ ಮೇಲೆ ಸೂಪರ್‌ವೈಸರ್ ಫೋನ್ ತೆಗೆದು ಕಿವಿಗಿಟ್ಟುಕೊಂಡ.

ಆ ಹಸಿರು ಚೌಕಗಳ ಹೊರತು ಡಿವಿಡಿಯಲ್ಲಿ ಒಂದು ದೋಷವೂ ಇರಲಿಲ್ಲ.

ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಒಂದು ಯೋಚನೆ ಹಾವಿನಂತೆ ತಲೆಯೆತ್ತಿತು. ಪೆನ್‌ಡ್ರೈವ್ ಸತ್ತಿದೆ. ಗಾಡಿ ಗುದ್ದಿದ ತನಕ ಇಟ್ಟು, ಮುಂದಿನದು ಓದಲಾಗಲಿಲ್ಲ ಎಂದರೆ ಯಾರೂ ಪ್ರಶ್ನೆ ಮಾಡುವಂತಿಲ್ಲ. ಗುದ್ದಿದ್ದಷ್ಟೇ ಸಾಕೆಂದು ವಕೀಲೆಯೇ ಅಂದಿದ್ದಾರೆ. ಗುಂಡನ ಹೆಂಡತಿಯ ಆ ಊರುಗೋಲು ಅವಳ ಕೈಯಲ್ಲೇ ಉಳಿಯುತ್ತದೆ. ಆದರೆ ಹಾಗೆ ಮಾಡಿದರೆ, ಒಬ್ಬ ಮನುಷ್ಯ ಸಾಯಲೆಂದು ಕಾದು ನಿಂತವನು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಗುಂಡ ನೆಲ ತಟ್ಟಿದ್ದನ್ನು ಅಂದು ಅವನೊಬ್ಬ ನೋಡಿ ಸುಮ್ಮನಿದ್ದ. ಇಂದು ತಾನೂ ನೋಡಿ ಸುಮ್ಮನಿದ್ದಂತಾಗುತ್ತದೆ.

ಬಾಗಿಲು ತಟ್ಟಿದ ಸದ್ದಾಯಿತು. ಗುಂಡನ ಹೆಂಡತಿ ಒಳಬಂದು ಅವಳ ಮುಖ ನೋಡಿ ಅಲ್ಲೇ ನಿಂತಳು.

"ನೋಡಿದ್ರಾ?"

"ಹೂಂ."

"ಅವರು ಹೇಳಿದ್ದು ನಿಜ ಅಲ್ವಾ ಅತ್ತಿಗೆ? ತಕ್ಷಣ..."

ಅಕ್ಕ ಕುರ್ಚಿಯಿಂದ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. "ಇಲ್ಲ ಕಣೇ. ತಕ್ಷಣ ಅಲ್ಲ. ನಾಳೆ ಕೋರ್ಟಲ್ಲಿ ಎಲ್ಲರ ಮುಂದೆ ಗೊತ್ತಾಗೋದಕ್ಕಿಂತ ನನ್ನ ಬಾಯಿಂದ ಗೊತ್ತಾಗಲಿ." ಕಂಡದ್ದನ್ನು ಕಂಡಂತೆ ಹೇಳಿದಳು. ಕೈಯ ವಿಷಯವನ್ನೂ ಬಿಡಲಿಲ್ಲ.

ಗುಂಡನ ಹೆಂಡತಿ ಕೈ ಕಿತ್ತುಕೊಂಡಳು. "ಯಾಕ್ ಹೇಳಿದ್ರಿ? ಸುಳ್ಳು ಹೇಳೋಕೆ ಬರ್ತಿರಲಿಲ್ವಾ ನಿಮಗೆ? ಒಂದೇ ಒಂದು ಸುಳ್ಳು!" ಕೂಗಿದವಳು ಹೊಸ್ತಿಲ ಬಳಿ ಕುಸಿದು ಕೂತಳು. ಅಕ್ಕ ಹತ್ತಿರ ಹೋದರೆ ತಳ್ಳಿದಳು. ಸಂಜೆ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ತನ್ನ ತಾಯಿಯ ಮನೆಗೆ ಹೊರಟುಹೋದಳು. ಅಕ್ಕ ತಡೆಯಲಿಲ್ಲ. ಎರಡನೆಯ ಪ್ರತಿ ಬರೆಯುವುದಿತ್ತು.

ಸೋಮವಾರ ಗುಂಡನ ಹೆಂಡತಿ ಕೋರ್ಟಿಗೆ ಬಂದಳು, ಆದರೆ ಬೇರೆ ಬೆಂಚಿನಲ್ಲಿ ಕೂತಳು. ಎಲ್ಲರ ಮುಂದೆ ಡಿವಿಡಿ ಓಡಿಸಿದರು. ಹಸಿರು ಚೌಕಗಳು ಬಂದಾಗ ಕಂಪನಿಯ ವಕೀಲ ಎದ್ದು, ಇದು ತಿದ್ದಿದ ವಿಡಿಯೊ ಎಂದ. ನ್ಯಾಯಾಧೀಶರು ಕೈಸನ್ನೆಯಿಂದಲೇ ಕೂರಿಸಿ, "ಮುಂದೆ ಓಡಲಿ," ಅಂದರು. ಮುಂದೆ ಓಡಿತು. ಸೂಪರ್‌ವೈಸರ್ ತಲೆ ತಗ್ಗಿಸಿದ. ಗುಂಡನ ಹೆಂಡತಿ ಮಾತ್ರ ತಗ್ಗಿಸಲಿಲ್ಲ. ಬೆರಳುಗಳು ನಿಲ್ಲುವ ತನಕ ರೆಪ್ಪೆ ಬಡಿಯದೆ ನೋಡಿದಳು.

'ಸ್ವಂತ ಅಜಾಗರೂಕತೆ' ಎಂಬ ಮಾತನ್ನು ಕೋರ್ಟು ಅಂದೇ ತಳ್ಳಿಹಾಕಿತು. ಸೂಪರ್‌ವೈಸರ್ ಮೇಲೆ ಬೇರೆ ಮೊಕದ್ದಮೆ ಹೂಡಲು ಹೇಳಿತು. ಆ ಮೊಕದ್ದಮೆ ಎಳೆದಾಡುತ್ತ ಇಂದಿಗೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ.

ಅಂದು ಹೊರಗೆ ಪಡಸಾಲೆಯಲ್ಲಿ, ಜನ ಕರಗಿದ ಮೇಲೆ, ಗುಂಡನ ಹೆಂಡತಿ ತಾನಾಗಿ ಬಂದು ಅಕ್ಕನ ಪಕ್ಕದಲ್ಲಿ ನಿಂತಳು. ಕಣ್ಣು ಒಣಗಿದ್ದವು.

"ಅಷ್ಟು ಹೊತ್ತು ಏನು ಯೋಚನೆ ಮಾಡ್ತಿದ್ದಿರಬಹುದು ಅತ್ತಿಗೆ, ಅವರು?"

ಅಕ್ಕ ಅವಳ ಜಾರಿದ ಸೆರಗನ್ನು ಹೆಗಲ ಮೇಲೆ ಸರಿಮಾಡಿದಳು.

"ನನ್ನ ಹೆಸರು ಕೂಗಿರ್ತಾರಾ?"

"ಕೂಗಿರ್ತಾನೆ," ಅಂದಳು ಅಕ್ಕ. ಗೊತ್ತಿಲ್ಲದ್ದನ್ನು ಅವಳು ಹೇಳಿದ್ದು ಅದೊಂದೇ. ಇಬ್ಬರೂ ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದರು. ನಿಲ್ದಾಣದಲ್ಲಿ ಬೇರೆ ಬೇರೆ ಬಸ್ಸು ಹತ್ತಿದರು.